ಗಂಟೆಗೆ ನೂರೈದು

ಉಪ್ಪಳ ಗೇಟಿನ ಆಚೆ, ಮೀನಿನ ಲಾರಿಗಳು ನೀರು ಸುರಿಸುತ್ತಾ ನಿಲ್ಲುವಲ್ಲಿ
ಗ್ರೆಗರಿ ಪೊರ್ಬುಗಳ ಗ್ಯಾರೇಜು.
ಟರ್ಪಾಲಿನಡಿ ಒಂದು ಕಾರು:
ಉದ್ದ ಮೂಗು, ಗಿಡ್ಡ ಬೆನ್ನು,
ಸ್ಟೇರಿಂಗು ಎಡಕ್ಕೆ.

ಇದ್ದಿನಬ್ಬ ಹಾಜಿ ಎಪ್ಪತ್ತೇಳರಲ್ಲಿ ದೋಹಾದಲ್ಲಿ ಕೊಂಡದ್ದು,
ಎಂಬತ್ತಮೂರರಲ್ಲಿ ಹಡಗು ಹತ್ತಿಸಿದ್ದು,
ಸುಂಕದವರು ಹನ್ನೊಂದು ತಿಂಗಳು ಬಿಸಿಲಲ್ಲಿ ಕೂರಿಸಿದ್ದು,
ಆ ಕತೆ ಅವರೇ ಹೇಳಬೇಕು,
ನಾನು ಹೇಳಿದರೆ ಒಂದೆರಡು ಕಾಗದಪತ್ರ ಕಡಿಮೆ ಬೀಳುತ್ತದೆ.

ನಾನಾಗ ಸ್ಪ್ಯಾನರು ಎತ್ತಿಕೊಡುವ ಹುಡುಗ.
ಪೊರ್ಬುಗಳು ಬಾನೆಟ್ಟು ತೆರೆದು
ಜಾತಕ ಓದಿದ ಹಾಗೆ ಓದಿದರು:

"ನಮಗೆ ಇದು ಡಾಟ್ಸನ್. ಹುಟ್ಟಿದ ಊರಲ್ಲಿ
ಫೇರ್‌ಲೇಡಿ ಅಂತ ಕರೆಯುವುದು.
ಅಲ್ಲಿ ಸ್ಟೇರಿಂಗು ಬಲಕ್ಕೇ, ನಮ್ಮ ಹಾಗೆ.
ಕನ್ನಡಿ ಬಾಗಿಲಲ್ಲಿಲ್ಲ, ಮುಂದೆ ಮಡ್‌ಗಾರ್ಡಿನ ಮೇಲೆ,
ಬಸವನಹುಳದ ಕಣ್ಣಿನ ಹಾಗೆ.
ಹೊಟ್ಟೆ ಎರಡೇ ಲೀಟರು,
ಅದು ದಾಟಿದರೆ ಅಲ್ಲಿ ತೆರಿಗೆ ಚರ್ಮ ಸುಲಿಯುತ್ತದೆ.
ಇದು ಎರಡೂವರೆ ದಾಟಿದ್ದು,
ಪರದೇಶಕ್ಕೆಂದೇ ಉಣ್ಣಿಸಿ ಬೆಳೆಸಿದ್ದು.
ಅಮೆರಿಕಕ್ಕೆ ಕೊಟ್ಟ ತಂಗಿಗೆ ಇನ್ನೂ ದೊಡ್ಡ ಇಂಜಿನು,
ಕಾರ್ಬುರೇಟರು ಕಿತ್ತು ಇಂಜೆಕ್ಷನ್ನು,
ಗುದ್ದಿದರೂ ನೋಯದ ದಪ್ಪ ಬಂಪರು,
ಹೊಗೆ ಬಿಡಲಿಕ್ಕೂ ಒಂದು ಕಾಯಿದೆ."

"ಹಾಗಾದರೆ ಎಲ್ಲಾ ಒಂದೇ ಕಾರು ಅನ್ನುವುದು ಹೇಗೆ?"
ಪೊರ್ಬುಗಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ
"ಹನ್ನೆರಡು-ಹದಿನಾಲ್ಕರ ರಿಂಗು ಕೊಡು" ಅಂದರು.

ಎಡಗಡೆ ಕೂತು ಎಡಗಡೆಯೇ ಓಡಿಸುವವನಿಗೆ
ಮುಂದಿನ ಬಸ್ಸಿನ ಹಿಂಬದಿ ಬಿಟ್ಟು ಬೇರೆ ಲೋಕವಿಲ್ಲ.
ಬಲಗಡೆ ಕೂತವ ತಲೆ ಹೊರಗೆ ಹಾಕಬೇಕು,
"ಹೋಗಿ, ಹೋಗಿ... ಅಯ್ಯೋ ಬೇಡ, ಲಾರಿ ಉಂಟು!"
ಒಂಬತ್ತು ವರ್ಷ ನಾನು ಆ ಕಾರಿನ ಬಲಗಣ್ಣು.
ಕುಂಬಳೆ ಅಂತ ಕೆತ್ತಿದ ಮೈಲಿಗಲ್ಲು,
ಅದರ ಬೆನ್ನಿಗೇ ಕುಂಬಳ ಅನ್ನುವ ಬೋರ್ಡು,
ಎರಡಕ್ಕೂ ನನ್ನ ಕಿವಿ ತಾಗುವುದು ಸ್ವಲ್ಪದರಲ್ಲಿ ತಪ್ಪಿದೆ.

ಎಂಬತ್ತೇಳರ ಮಳೆಗೆ
ಸ್ಪೀಡೋಮೀಟರಿನ ಮುಳ್ಳು ಸೊನ್ನೆಯಲ್ಲೇ ಸತ್ತಿತು.
ಹಾಜಿಯ ಭಾವ ಶಾರ್ಜಾದಿಂದ ಕಳಿಸಿದ ಪೊಟ್ಟಣದಲ್ಲಿ
ಹಳೆಯದೊಂದು ಮೀಟರು, ಜಪಾನಿನ ಗುಜರಿಯದು,
ಬೆನ್ನಿಗೆ ಒಂದು ತಗಡು, ಒಂದು ಪುಟ್ಟ ಸುತ್ತಿಗೆ.
ತೂತಿಗೆ ಸರಿಯಾಗಿ ಕೂತಿತು. ಕೇಬಲ್ಲು ಕಚ್ಚಿತು.
ಆ ಸುತ್ತಿಗೆ ಯಾಕೆ ಅಂತ ಕೇಳಿದೆ.
ಪೊರ್ಬುಗಳ ಬಾಯಿಂದ ಮೊದಲ ಸಲ
"ಗೊತ್ತಿಲ್ಲ ಮಾರಾಯ" ಬಂತು.

ಹೇಳಿದವ ಹಡಗಿನ ಅಡುಗೆಯವ ಪೂವಣಿ,
ಯೊಕೊಹಾಮಾದಲ್ಲಿ ಟ್ಯಾಕ್ಸಿ ಹತ್ತಿ ಇಳಿದವ:
ಅಲ್ಲಿ ಕಾರು ನೂರೈದು ಮುಟ್ಟಿದರೆ
ಒಳಗೆ ಗಂಟೆ ಬಡಿಯುತ್ತದಂತೆ, ಮೆಲ್ಲ ಹೋಗು ಅಂತ.
ಕಡಲು ದಾಟಿಸುವವಕ್ಕೆ ಅದನ್ನು ಇಡುವುದಿಲ್ಲವಂತೆ,
ಅಲ್ಲಿಯವರ ಪ್ರಾಣ ಅಲ್ಲಿಯವರಿಗೆ.

ನೂರೈದು!
ಹೊಂಡಗಳಿಗೆ ಹೆಸರಿಟ್ಟು ಕರೆಯುತ್ತಿದ್ದ ಕಾಲ,
ಬಂದ್ಯೋಡು ದಾಟುವಾಗ ಮೂವತ್ತೈದು ಬಂದರೆ ಪುಣ್ಯ.
ಮೂವತ್ತೇಳು ವರ್ಷ ಸುತ್ತಿಗೆ ಸುಮ್ಮನೆ ಕೂತಿತು,
ಆಡುವ ಮಾತು ಒಂದೇ,
ಅದನ್ನು ಕೇಳುವ ರಸ್ತೆ ಇಲ್ಲ.

ಮೊನ್ನೆ ನಸುಕಿಗೆ ಹಾಜಿಯ ಮಗಳು ಮಿಸ್ರಿಯಾ,
ಹೈಸ್ಕೂಲಿಗೆ ಗಣಿತ ಕಲಿಸುವವಳು,
"ಹೊಸ ರಸ್ತೆ ನೋಡಿ ಬರುವ, ಕೂತುಕೊಳ್ಳಿ" ಅಂದಳು.
ಆರು ಸಾಲಿನ ಕರಿ ಹೊದಿಕೆ, ಇನ್ನೂ ಡಾಮರಿನ ವಾಸನೆ.
ಎಪ್ಪತ್ತು. ಎಂಬತ್ತೈದು. ಟರ್ಪಾಲು ಬಿಟ್ಟ ಮೂಗು ಗಾಳಿ ಸೀಳಿತು.
ತೊಂಬತ್ತೆಂಟು.
ಟಿಣ್.
ಟಿಣ್. ಟಿಣ್.
ಪೂಜೆಯದಲ್ಲ, ಶಾಲೆಯದಲ್ಲ,
ಪಿಂಗಾಣಿ ಬಟ್ಟಲಿಗೆ ಯಾರೋ ಚಮಚ ತಾಗಿಸಿದಷ್ಟೇ.

"ಎಂತ ಅದು?"
"ಮೆಲ್ಲ ಹೋಗು ಅಂತ. ನಮಗೆ ಹೇಳಿದ್ದಲ್ಲ."
ಅವಳು ಕಾಲು ತೆಗೆಯಲಿಲ್ಲ.
ನಾನು ಅಭ್ಯಾಸಬಲದಿಂದ ಬಲಕ್ಕೆ ತಲೆ ಹೊರಗೆ ಹಾಕಿದೆ.
ಎದುರು ಬರುವವರೇ ಇಲ್ಲ,
ನಡುವೆ ಸೊಂಟದೆತ್ತರದ ಕಾಂಕ್ರೀಟು ಗೋಡೆ, ಉದ್ದಕ್ಕೂ.
ಆದರೂ ಕುಂಬಳೆಯವರೆಗೆ
ಹೇಳುತ್ತಲೇ ಇದ್ದೆ:
ಹೋಗಿ, ಹೋಗಿ.